ಕೀಮೋ ನಡೆಯುತ್ತಿರುವ ಗೆಳತಿಗೆ ಏನು ಹೇಳಲಿ?

ಪ್ರಶ್ನೆ: ಗೆಳತಿಗೆ ಸ್ತನ ಕ್ಯಾನ್ಸರ್. ಕೀಮೋ ನಡೆಯುತ್ತಿದೆ. ನೋಡಲು ಹೋದರೆ ಮಾತೇ ಹೊರಡುವುದಿಲ್ಲ. ಏನು ಮಾಡಲಿ, ಡಾಕ್ಟ್ರೇ?
– ಓದುಗರು, ಹಾಸನ

ಉತ್ತರ: ಮಾತು ಬೇಡಮ್ಮ, ಸುಮ್ನೆ ಪಕ್ಕದಲ್ಲಿ ಕೂತುಕೊಳ್ಳಿ. ‘ಧೈರ್ಯವಾಗಿರು’ ಅಂತ ಎಲ್ಲರೂ ಹೇಳಿರುತ್ತಾರೆ ಅಲ್ವಾ? ಈ ಸಮಯದಲ್ಲಿ ಕೆಲವರಿಗೆ ಬಾಯಲ್ಲಿ ಹುಣ್ಣಾಗುತ್ತದೆ, ಒಗ್ಗರಣೆ ವಾಸನೆಗೇ ವಾಕರಿಕೆ ಬರುತ್ತದೆ. ಆಗಷ್ಟೇ ಕಾಯಿಸಿ ಆರಿಸಿದ ರಾಗಿ ಗಂಜಿ ಒಯ್ಯಿರಿ. ನಿಮಗೆ ನೆಗಡಿಯಿದ್ದರೆ ಮಾತ್ರ ಹೋಗಬೇಡಿ. ಅವರಿಗೆ ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲಿ ಅಂತ ಕಾಯಬಾರದು. ಕೀಮೋದಿಂದ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ ಕಮ್ಮಿಯಾಗಿರಬಹುದು, ನಡುರಾತ್ರಿಯಾದರೂ ಆಸ್ಪತ್ರೆಗೆ ಕರೆದೊಯ್ಯಿರಿ.

ಡಾಕ್ಟರ ಹತ್ತಿರವೂ ಜೊತೆಗೆ ಹೋಗಿ, ಹೇಳಿದ್ದನ್ನು ಬರೆದುಕೊಳ್ಳಿ. ಗಾಬರಿಯಲ್ಲಿ ರೋಗಿಯ ತಲೆಗೆ ಅರ್ಧವೂ ಹೋಗುವುದಿಲ್ಲ. ನನ್ನ ಕೋಣೆಯಲ್ಲಿ ಜೊತೆಗೆ ಬಂದವರಿಗೂ ಕುರ್ಚಿ ಹಾಕಿಸಿದ್ದೇನೆ. ಎಷ್ಟೋ ಸಲ ‘ರಾತ್ರಿ ನೋವಿಗೆ ನಿದ್ದೆ ಮಾಡಿಲ್ಲ’ ಎನ್ನುವ ವಿಷಯ ಗೊತ್ತಾಗುವುದೇ ಅವರಿಂದ. ನೋವಿಗೆ ಒಳ್ಳೆಯ ಮಾತ್ರೆಗಳಿವೆ, ದಯವಿಟ್ಟು ಕೇಳಿ.