ಹತ್ತಿ ಖರೀದಿ ಮತ್ತು ರಿವರ್ಸ್ ಚಾರ್ಜ್: ಲೇಖಕರಿಗೊಂದು ಉತ್ತರ

ಆತ್ಮೀಯರೇ, ಸಪ್ರೇಮ ವಂದನೆಗಳು.

ರೈತರಿಂದ ಕೊಂಡ ಹತ್ತಿಯ ಮೇಲೆ ಜಿನ್ನಿಂಗ್ ಮಿಲ್ಲಿನವರು (ಹತ್ತಿಯಿಂದ ಬೀಜ ಬೇರ್ಪಡಿಸುವವರು) ರಿವರ್ಸ್ ಚಾರ್ಜ್ ಪದ್ಧತಿಯಲ್ಲಿ, ಅಂದರೆ ಮಾರಿದವನ ಬದಲು ಕೊಂಡವನೇ ತೆರಿಗೆ ಕಟ್ಟುವ ಪದ್ಧತಿಯಲ್ಲಿ, ಜಿಎಸ್‌ಟಿ ಕಟ್ಟಬೇಕಾದ ಬಗ್ಗೆ ಗದಗದಿಂದ ನೀವು ಕಳಿಸಿದ ಲೇಖನವನ್ನು ಗಮನವಿಟ್ಟು ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ನಮ್ಮ ಮಾಸಪತ್ರಿಕೆಯಲ್ಲಿ ಪ್ರಕಟಿಸಲು ಬರುವುದಿಲ್ಲ. ಆದರೆ ಅದು ಕೈಬಿಡುವ ಲೇಖನವೂ ಅಲ್ಲ. ಐದನೆಯ ಪುಟದಲ್ಲಿ ದಲಾಲಿ ಅಂಗಡಿಯ ಬಿಲ್ಲಿನ ಬಗ್ಗೆ ನೀವು ಬರೆದಿರುವ ನಾಲ್ಕೇ ಸಾಲುಗಳ ಸಲುವಾಗಿ ಇಷ್ಟು ವಿವರವಾಗಿ ಉತ್ತರಿಸುತ್ತಿದ್ದೇನೆ.

ಪ್ರಾಚೀನ ಭಾರತದ ಕರಪದ್ಧತಿಯಿಂದ ಹಿಡಿದು ಜಿಎಸ್‌ಟಿ ಜಾರಿಗೆ ಬಂದ 2017ರ ಜುಲೈ 1ರ ವರೆಗಿನ ಚರಿತ್ರೆ ಹೇಳುವ ಮೊದಲ ಎರಡು ಪುಟಗಳನ್ನು ತೆಗೆದುಹಾಕಿ. ನಮ್ಮ ಓದುಗರು ತೆರಿಗೆ ಸಲಹೆಗಾರರು, ಲೆಕ್ಕಪರಿಶೋಧಕರು ಮತ್ತು ವಕೀಲರು. ಅವರಿಗೆ ಅದು ಬೇಕಾಗಿಲ್ಲ.

ಇನ್ನು ಗಂಭೀರವಾದ ತಪ್ಪಿನ ವಿಚಾರ. ಹತ್ತಿಯ ಮೇಲಿನ ರಿವರ್ಸ್ ಚಾರ್ಜ್ ಕೇಂದ್ರ ಜಿಎಸ್‌ಟಿ ಕಾಯ್ದೆಯಲ್ಲಿ ನೋಂದಣಿ ಇಲ್ಲದವರಿಂದ ಕೊಳ್ಳುವುದಕ್ಕೆ ಸಂಬಂಧಿಸಿದ ಕಲಂ 9(4)ರ ಪ್ರಕಾರ ಬರುತ್ತದೆ ಎಂದು ನೀವು ಲೇಖನದುದ್ದಕ್ಕೂ ಬರೆದಿದ್ದೀರಿ. ಅದು ಬರುವುದು ಸರ್ಕಾರ ಅಧಿಸೂಚನೆಯಲ್ಲಿ ಹೆಸರಿಸಿದ ಸರಕುಗಳಿಗೆ ಅನ್ವಯಿಸುವ ಕಲಂ 9(3)ರಿಂದ, 2017ರ ನವೆಂಬರ್ 15ರಂದು ಜಾರಿಗೆ ಬಂದ 43/2017ನೇ ದರ ಅಧಿಸೂಚನೆಯ ಮೂಲಕ. ಇದನ್ನು ಅಚ್ಚಿನ ದೋಷವೆಂದು ತಿದ್ದಿ ಮುಂದೆ ಹೋಗಬಹುದಿತ್ತು; ಆದರೆ ನಿಮ್ಮ ತೀರ್ಮಾನವೇ ಅದರ ಮೇಲೆ ನಿಂತಿದೆ. ನೋಂದಣಿ ಇಲ್ಲದ ಯಾರಿಂದ ಹತ್ತಿ ಕೊಂಡರೂ ಮಿಲ್ಲಿನವರೇ ತೆರಿಗೆ ಕಟ್ಟಬೇಕು ಎನ್ನುತ್ತೀರಿ. ಅಧಿಸೂಚನೆ ಹೇಳುವುದು ‘ಕೃಷಿಕ’ನಿಂದ ನೋಂದಾಯಿತ ವ್ಯಕ್ತಿ ಪಡೆದ ಕಚ್ಚಾ ಹತ್ತಿಯ ಬಗ್ಗೆ ಮಾತ್ರ, ಮತ್ತು ಕೃಷಿಕ ಯಾರೆಂಬುದನ್ನು ಕಲಂ 2(7) ಹೇಳುತ್ತದೆ: ಸ್ವಂತ ದುಡಿಮೆಯಿಂದಲೋ, ಮನೆಯವರ ದುಡಿಮೆಯಿಂದಲೋ, ತನ್ನ ಇಲ್ಲವೇ ಮನೆಯವರ ಮೇಲ್ವಿಚಾರಣೆಯಲ್ಲಿ ಕೂಲಿ ಆಳುಗಳಿಂದಲೋ ಸಾಗುವಳಿ ಮಾಡಿಸುವ ವ್ಯಕ್ತಿ ಅಥವಾ ಹಿಂದೂ ಅವಿಭಕ್ತ ಕುಟುಂಬ. ರೋಣ, ಶಿರಹಟ್ಟಿಯ ಕಡೆ ಮನೆಮನೆಯಿಂದ ಹತ್ತಿ ಕೂಡಿಸಿ ಮಿಲ್ಲಿಗೆ ಹಾಕುವ ಸಣ್ಣ ವ್ಯಾಪಾರಿಯ ವಹಿವಾಟು ವರ್ಷಕ್ಕೆ 40 ಲಕ್ಷ ರೂಪಾಯಿ ದಾಟದಿದ್ದರೆ ಸಾಮಾನ್ಯವಾಗಿ ಅವನಿಗೆ ನೋಂದಣಿ ಇರುವುದಿಲ್ಲ. ಆದರೆ ಆ ಹತ್ತಿ ಅವನು ಬೆಳೆದದ್ದಲ್ಲ, ಆದ್ದರಿಂದ ಆ ಖರೀದಿ ಈ ಅಧಿಸೂಚನೆಯೊಳಗೆ ಬರುವುದಿಲ್ಲ. ಕಲಂ 9(4) ಕೂಡ ಅಲ್ಲಿ ಕೆಲಸ ಮಾಡುವುದಿಲ್ಲ. 2017ರ ಅಕ್ಟೋಬರ್ 13ರಿಂದ ಅದನ್ನು ತಡೆಹಿಡಿಯಲಾಗಿತ್ತು, 2019ರ ಫೆಬ್ರವರಿ 1ರಿಂದ ಸರ್ಕಾರ ಗೊತ್ತುಮಾಡಿದ ವರ್ಗಗಳಿಗಷ್ಟೇ ಅದು ಅನ್ವಯಿಸುತ್ತದೆ. ನಿಮ್ಮ ಲೇಖನ ನಂಬಿ ಒಬ್ಬ ಸಲಹೆಗಾರ ತನ್ನ ಕಕ್ಷಿದಾರನಿಂದ ಕಟ್ಟಬೇಕಿಲ್ಲದ ತೆರಿಗೆ ಕಟ್ಟಿಸಿದರೆ ಅದಕ್ಕೆ ನೀವೂ ಹೊಣೆ, ನಾನೂ ಹೊಣೆ.

ಈಗ ಆ ನಾಲ್ಕು ಸಾಲುಗಳಿಗೆ ಬರುತ್ತೇನೆ. ರೈತ ತನ್ನ ಹತ್ತಿಯನ್ನು ಅಮರಗೋಳದ ಮಾರುಕಟ್ಟೆಗೆ ತಂದು ದಲಾಲರ ಅಂಗಡಿಗೆ ಹಾಕುತ್ತಾನೆ, ಅಲ್ಲಿಂದ ಮಿಲ್ಲಿನವರು ಕೊಳ್ಳುತ್ತಾರೆ; ಹಾಗಿದ್ದರೆ ಮಿಲ್ಲಿನವರು ಕೊಂಡದ್ದು ರೈತನಿಂದಲೋ ದಲಾಲರಿಂದಲೋ ಎಂದು ಕೇಳಿ, ‘ಇದು ಚರ್ಚಾಸ್ಪದ’ ಎಂದು ಬಿಟ್ಟಿದ್ದೀರಿ. ಲೇಖನ ಶುರುವಾಗಬೇಕಾದದ್ದೇ ಅಲ್ಲಿಂದ. 2018ರ ಸೆಪ್ಟೆಂಬರ್ 4ರ 57/31/2018ನೇ ಸುತ್ತೋಲೆ ಎಪಿಎಂಸಿ ದಲಾಲರ ಉದಾಹರಣೆಯನ್ನೇ ಕೊಟ್ಟಿದೆ. ಖರೀದಿದಾರನಿಗೆ ಇನ್ವಾಯ್ಸ್ ದಲಾಲರ ಹೆಸರಿನಲ್ಲಿ ಹೋದರೆ ಅವರು ಕಾಯ್ದೆಯ ಒಂದನೆಯ ಅನುಸೂಚಿಯ ಅರ್ಥದಲ್ಲಿ ಏಜೆಂಟರಾಗುತ್ತಾರೆ, ಅಂದರೆ ರೈತ ಅವರಿಗೆ ಸರಕು ಒಪ್ಪಿಸಿದ್ದೂ ಪೂರೈಕೆ ಎನಿಸುತ್ತದೆ. ರೈತನೇ ನೇರವಾಗಿ ಇನ್ವಾಯ್ಸ್ ಕೊಟ್ಟರೆ ಆಗುವುದಿಲ್ಲ. ಮೊದಲನೆಯ ಸಂದರ್ಭದಲ್ಲಿ ರೈತನಿಂದ ದಲಾಲರಿಗೆ ಒಂದು ಪೂರೈಕೆ, ದಲಾಲರಿಂದ ಮಿಲ್ಲಿಗೆ ಇನ್ನೊಂದು ಪೂರೈಕೆ ಎಂದಾದರೆ, ನೋಂದಾಯಿತ ದಲಾಲರೇ ರಿವರ್ಸ್ ಚಾರ್ಜ್ ಕಟ್ಟಿ ಮಿಲ್ಲಿಗೆ ಸಾಮಾನ್ಯ ರೀತಿಯಲ್ಲಿ ತೆರಿಗೆ ಹಾಕಬೇಕೇ? ಎರಡನೆಯದರಲ್ಲಿ ಹೊಣೆ ಮಿಲ್ಲಿನದು. ನಿಜವಾದ ಬಿಲ್ಲೊಂದನ್ನು ಎದುರಿಗಿಟ್ಟುಕೊಂಡು ಓದಿ: ಮೇಲೆ ಯಾರ ಹೆಸರಿದೆ, ಯಾರ ಜಿಎಸ್‌ಟಿ ನಂಬರ್ ಇದೆ, ದಲಾಲಿಯನ್ನು ಬೇರೆಯಾಗಿ ತೋರಿಸಿದ್ದಾರೋ ಅಥವಾ ದರದಲ್ಲೇ ಸೇರಿಸಿದ್ದಾರೋ, ರೈತನಿಗೆ ಕೊಟ್ಟ ಲೆಕ್ಕಪಟ್ಟಿಗೂ ಮಿಲ್ಲಿಗೆ ಕೊಟ್ಟ ಬಿಲ್ಲಿಗೂ ತೂಕ ಮತ್ತು ದರ ತಾಳೆಯಾಗುತ್ತವೋ. ಈ ಸಾಲುಗಳನ್ನು ಬಿಡಿಸಿ ಬರೆಯಬಲ್ಲವರು ದಿಲ್ಲಿಯಲ್ಲೋ ಮುಂಬೈಯಲ್ಲೋ ಕೂತವರಲ್ಲ, ಮಾರುಕಟ್ಟೆಯ ಪಕ್ಕದಲ್ಲಿ ಕಚೇರಿ ಇಟ್ಟುಕೊಂಡಿರುವ ನಿಮ್ಮಂಥವರು.

ಹಾಗೆ ಬರೆಯುವಾಗ ಯಾವ ಮಾತಿಗೆ ಎಷ್ಟು ಬಲವಿದೆ ಎಂಬುದು ಓದುಗರಿಗೆ ಕಾಣುವಂತಿರಲಿ. ಸುತ್ತೋಲೆ ಇಲಾಖೆಯ ನಿಲುವು. ಅದು ಕಾಯ್ದೆಗೆ ವಿರುದ್ಧವಾಗಿದ್ದರೆ ನಿಲ್ಲುವುದಿಲ್ಲವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2008ರಲ್ಲಿ ರತನ್ ಮೆಲ್ಟಿಂಗ್ ಪ್ರಕರಣದಲ್ಲಿ ಹೇಳಿದೆ. ನೀವು ಮೂರು ಕಡೆ ‘ಈಗಾಗಲೇ ಇತ್ಯರ್ಥವಾಗಿದೆ’ ಎಂದು ಎತ್ತಿಕೊಟ್ಟಿರುವುದು ಬೇರೆ ರಾಜ್ಯಗಳ ಮುಂಗಡ ನಿರ್ಣಯಗಳನ್ನು (ತೆರಿಗೆ ಪ್ರಶ್ನೆಯೊಂದಕ್ಕೆ ಅರ್ಜಿದಾರ ಪ್ರಾಧಿಕಾರದಿಂದ ಪಡೆಯುವ ಉತ್ತರಗಳನ್ನು). ಕಲಂ 103ರ ಪ್ರಕಾರ ಅವು ಅರ್ಜಿದಾರನಿಗೂ ಅವನಿಗೆ ಸಂಬಂಧಪಟ್ಟ ಅಧಿಕಾರಿಗೂ ಮಾತ್ರ ಬದ್ಧ. ಹೈಕೋರ್ಟಿನ ಧಾರವಾಡ ಪೀಠದ ಮುಂದೆ ನಿಂತು ವಾದಿಸುವ ಓದುಗರೂ ನಮಗಿದ್ದಾರೆ. ಅವರು ಈ ವ್ಯತ್ಯಾಸವನ್ನು ಮೊದಲು ನೋಡುತ್ತಾರೆ. ಸೆಲ್ಫ್ ಇನ್ವಾಯ್ಸನ್ನು (ರಿವರ್ಸ್ ಚಾರ್ಜ್ ಖರೀದಿಗೆ ಕೊಂಡವನೇ ಬರೆದುಕೊಳ್ಳುವ ಬಿಲ್ಲನ್ನು) ವರ್ಷದ ಕೊನೆಗೆ ಮಾಡಿದರೂ ನಡೆಯುತ್ತದೆ ಎಂಬ ನಿಮ್ಮ ಮಾತೂ ಹಳೆಯದಾಯಿತು: 2024ರ ನವೆಂಬರ್ 1ರಿಂದ ಜಾರಿಯಲ್ಲಿರುವ ನಿಯಮ 47ಎ ಪ್ರಕಾರ, ನೋಂದಣಿ ಇಲ್ಲದವರಿಂದ ಬಂದ ಸರಕಿಗೆ ಅದನ್ನು ಪಡೆದ 30 ದಿನದೊಳಗೆ ಮಾಡಬೇಕು.

ನೀತಿಯ ಭಾಗದಲ್ಲಿ ‘ಶೇ 5ರ ಈ ಹೊರೆ ರೈತನ ಬೆನ್ನ ಮೇಲೆ ಬೀಳುತ್ತಿದೆ’ ಎಂದಿದ್ದೀರಿ. ರೈತರ ಮೇಲಿನ ನಿಮ್ಮ ಕಳಕಳಿ ನನಗೂ ಇದೆ, ಆದರೆ ಕಳಕಳಿಯೇ ವಾದವಾಗುವುದಿಲ್ಲ. 10 ಲಕ್ಷ ರೂಪಾಯಿಯ ಹತ್ತಿಗೆ ಮಿಲ್ಲಿನವರು 50,000 ರೂಪಾಯಿ ತೆರಿಗೆಯನ್ನು ಕ್ಯಾಶ್ ಲೆಡ್ಜರ್‌ನಿಂದಲೇ, ಅಂದರೆ ನಗದಾಗಿಯೇ ಕಟ್ಟಬೇಕು. ಖರೀದಿಗಳ ಮೇಲೆ ಈಗಾಗಲೇ ಕಟ್ಟಿದ ತೆರಿಗೆ ಜಮೆಯಾಗುವ ಕ್ರೆಡಿಟ್ ಲೆಡ್ಜರ್‌ನಲ್ಲಿ ಎಷ್ಟೇ ಬಾಕಿ ಇದ್ದರೂ ಅದನ್ನು ಇದಕ್ಕೆ ಬಳಸುವಂತಿಲ್ಲ. ಕಟ್ಟಿದ ಮೇಲೆ ಅಷ್ಟೂ ಕ್ರೆಡಿಟ್ಟಾಗಿ ಸಿಗುತ್ತದೆ ಮತ್ತು ಅರಳೆ ಮಾರಿದಾಗ ಹೊಂದಾಣಿಕೆಯಾಗುತ್ತದೆ. ಅಂದರೆ ಇಲ್ಲಿರುವ ತೊಂದರೆ ಸುಗ್ಗಿಯಲ್ಲಿ ದಾಸ್ತಾನು ಬೆಳೆಯುತ್ತಿರುವಾಗ ದುಡಿಯುವ ಬಂಡವಾಳ ಸಿಕ್ಕಿಹಾಕಿಕೊಳ್ಳುವುದು. ಅದರ ಬಡ್ಡಿಯನ್ನು ಮಿಲ್ಲಿನವರು ರೈತನ ದರದಲ್ಲಿ ಮುರಿದುಕೊಳ್ಳುತ್ತಾರೆ ಎಂಬುದು ನಿಮ್ಮ ವಾದವಾಗಿದ್ದರೆ, ಒಂದು ಮಿಲ್ಲಿನ ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಖರೀದಿ, ಕಟ್ಟಿದ ತೆರಿಗೆ ಮತ್ತು ಬಳಸಿದ ಕ್ರೆಡಿಟ್ಟಿನ ಲೆಕ್ಕವನ್ನು ತಿಂಗಳುವಾರು ಇಡಿ. ಅದು ಸಿಗದಿದ್ದರೆ ರೈತನ ಹೊರೆಯ ಮಾತನ್ನು ಕೈಬಿಟ್ಟು ಬಂಡವಾಳದ ಮಾತನ್ನಷ್ಟೇ ಬರೆಯಿರಿ. ಅದಕ್ಕೆ ಆಧಾರ ಕಾಯ್ದೆಯಲ್ಲೇ ಇದೆ.

ಇದೇ ವಿಷಯದಲ್ಲಿ ನೋಟಿಸು ಬಂದಿರುವ ಯಾವುದಾದರೂ ಮಿಲ್ಲಿನ ಪರವಾಗಿ ನೀವು ಕೆಲಸ ಮಾಡುತ್ತಿದ್ದರೆ ಅದನ್ನು ಲೇಖನದ ಕೆಳಗೆ ಒಂದು ಸಾಲಿನಲ್ಲಿ ತಿಳಿಸಲೇಬೇಕು. ಅದರಿಂದ ಲೇಖನದ ಬೆಲೆ ಕಡಿಮೆಯಾಗುವುದಿಲ್ಲ. ಯಾವ ದಿನಾಂಕದವರೆಗಿನ ತಿದ್ದುಪಡಿಗಳನ್ನು ನೋಡಿದ್ದೀರಿ ಎಂಬುದನ್ನೂ ಅಲ್ಲೇ ಬರೆಯಿರಿ. ಹೆಸರು ಮತ್ತು ನಂಬರ್ ಅಳಿಸಿದ ಒಂದು ದಲಾಲಿ ಬಿಲ್ಲು, ಅದಕ್ಕೆ ಸಂಬಂಧಪಟ್ಟ ರೈತನ ಲೆಕ್ಕಪಟ್ಟಿ, ಎರಡರ ನಕಲುಗಳನ್ನೂ ತಿದ್ದಿದ ಲೇಖನದ ಜೊತೆ ಕಳಿಸಿ. ಲೇಖನದ ಪಕ್ಕದಲ್ಲೇ ಅವನ್ನು ಅಚ್ಚು ಹಾಕುವ ಇಚ್ಛೆ ನನಗಿದೆ.

ನಿಮ್ಮ ವಿಶ್ವಾಸಿ,
ಸಂಪಾದಕ
ಹುಬ್ಬಳ್ಳಿ