ಮಾತಿಲ್ಲದಾಗ ಸ್ಟೇಜ್ ಮೇಲೆ ಏನು ಮಾಡಬೇಕು?

ಪ್ರಶ್ನೆ: ನಮ್ಮ ಹವ್ಯಾಸಿ ತಂಡ ಗಿರೀಶ ಕಾರ್ನಾಡರ ‘ತುಘಲಕ್’ ಆಡುತ್ತಿದೆ. ನನಗೆ ಇತಿಹಾಸಕಾರ ಬರನಿಯ ಪಾತ್ರ ಸಿಕ್ಕಿದೆ. ಮಾತೆಲ್ಲ ಬಾಯಿಪಾಠ ಆಗಿದೆ. ಆದರೆ ಸುಲ್ತಾನ ಉದ್ದುದ್ದ ಮಾತಾಡುವಾಗ ಸುಮ್ನೆ ನಿಂತಿರಬೇಕು, ಅಲ್ಲೇ ಕಷ್ಟ. ‘ನೀನು ಇದ್ದೂ ಇಲ್ಲದ ಹಾಗಿದ್ದೀಯ’ ಅಂತ ನಿರ್ದೇಶಕರು ದಿನಾ ಬೈತಾರೆ. ಕೈ ಎಲ್ಲಿಡಬೇಕು ಅಂತಾನೂ ತಿಳಿಯಲ್ಲ. ಪ್ರದರ್ಶನಕ್ಕೆ ಇನ್ನು ಐದು ವಾರ ಇದೆ.
– ಒಬ್ಬ ಓದುಗ, ದಾವಣಗೆರೆ

ಉತ್ತರ: ನಿಮಗೆ ಒಳ್ಳೇ ಪಾತ್ರ ಸಿಕ್ಕಿದೆ, ಮೊದಲು ಅದನ್ನು ನಂಬಿ. ತುಘಲಕ್ ಅಂದ ತಕ್ಷಣ ಆ ಸುಲ್ತಾನನ ಪಾತ್ರ ಮಾಡಿದ್ದ ನಟ ಸಿ.ಆರ್. ಸಿಂಹ ಅವರನ್ನು ನೆನೆಯುವವರು ಈಗಲೂ ಇದ್ದಾರೆ. ಬರನಿಯನ್ನು ಯಾರೂ ಅಷ್ಟಾಗಿ ನೆನೆಯಲ್ಲ. ಆದರೆ ಆ ಸುಲ್ತಾನನ ಮಾತು ಹೋಗಿ ಬೀಳುವುದು ಯಾರ ಕಿವಿಗೆ? ಎಷ್ಟೋ ಸಲ ಬರನಿಯ ಕಿವಿಗೇ.

ಈತ ನಿಜವಾಗಿ ಇದ್ದ ಮನುಷ್ಯ. ಜಿಯಾವುದ್ದೀನ್ ಬರನಿ. ಬರನಿ ಅಂದರೆ ಬರನ್ ಊರಿನವನು, ಬರನ್ ಅಂದರೆ ಇವತ್ತಿನ ಉತ್ತರ ಪ್ರದೇಶದ ಬುಲಂದ್‌ಶಹರ್. ಮುಹಮ್ಮದ್ ಬಿನ್ ತುಘಲಕ್ ಆಳಿದ್ದು 1325ರಿಂದ 1351ರವರೆಗೆ, ಅದರಲ್ಲಿ ಸುಮಾರು 17 ವರ್ಷ ಬರನಿ ಆ ದರ್ಬಾರಿನಲ್ಲಿದ್ದ. ಆಮೇಲೆ ಆಸರೆ ತಪ್ಪಿತು. ಬಡತನದಲ್ಲಿ, 70 ದಾಟಿದ ಮೇಲೆ, 1357ರ ಹೊತ್ತಿಗೆ ತನ್ನ ಇತಿಹಾಸ ಬರೆದು ಮುಗಿಸಿದ. ಈ ಇಸವಿಗಳನ್ನು ಯಾಕೆ ಹೇಳ್ತಿದ್ದೀನಿ ಅಂದ್ರೆ, ಇವನು ಸುಮ್ನೆ ನಿಂತವನಲ್ಲ. ಮುಂದೆ ಬರೆಯಬೇಕಾದವನು. ಅಂಥವನು ಹೇಗೆ ಕೇಳಿಸಿಕೊಳ್ತಾನೆ ಅನ್ನೋದೇ ನಿಮ್ಮ ತಾಲೀಮು.

ಇವತ್ತಿನಿಂದಲೇ ಒಂದು ಕೆಲಸ ಶುರು ಮಾಡಿ. ಒಂದು ನೋಟ್‌ಬುಕ್ ತಗೊಳ್ಳಿ. ತಾಲೀಮು ಮುಗಿಸಿ ಮನೆಗೆ ಬಂದ ಮೇಲೆ ಅವತ್ತು ಮಾಡಿದ ದೃಶ್ಯದ ಬಗ್ಗೆ ಬರನಿ ಆ ರಾತ್ರಿ ಏನು ಬರೆದಿರಬಹುದೋ ಅದನ್ನು ಐದಾರು ಸಾಲು ಬರೆಯಿರಿ. ‘ನಾನು’ ಅಂತಲೇ ಬರೆಯಿರಿ. ಚದುರಂಗದ ದೃಶ್ಯದಲ್ಲಿ ಸಲಹೆಗಾರ ನಜೀಬ್ ಜೊತೆ ಒಳಗೆ ಬರ್ತೀರಲ್ಲ, ಅಲ್ಲಿ ಬರನಿಗೆ ಸುಲ್ತಾನನ ಬುದ್ಧಿ ಕಂಡು ಬೆರಗು. ಪ್ರಾರ್ಥನೆಯ ಹೊತ್ತಿನಲ್ಲಿ ಸುಲ್ತಾನ, ತನ್ನ ವಿರುದ್ಧ ಸಂಚು ಹೂಡಿದ ಶಿಹಾಬುದ್ದೀನನನ್ನು ತನ್ನ ಕೈಯಾರೆ ಇರಿದು ಕೊಂದ ಮೇಲೆ ಏನು ಬರೆಯುತ್ತೀರಿ? ಇರಿದವನು ನಿಮ್ಮ ಕಡೆ ತಿರುಗಿ ಯಾಕೆ ಹೀಗಾಗುತ್ತೆ ಅಂತ ಕೇಳ್ತಾನೆ. ಆ ರಾತ್ರಿ ಬರನಿಗೆ ಒಂದು ಸಾಲೂ ಬರೆಯೋಕೆ ಆಗಿಲ್ಲ ಅಂತ ನಿಮಗೆ ಅನಿಸಿದರೆ ಹಾಳೆಯನ್ನು ಖಾಲಿ ಬಿಡಿ, ಅದೂ ತಯಾರಿಯೇ. ಕೊನೆಗೆ ಅವನು ತಾಯಿ ತೀರಿಕೊಂಡ ಸುದ್ದಿ ಹೇಳಿ ಊರಿಗೆ ಹೊರಡಲು ಅಪ್ಪಣೆ ಕೇಳ್ತಾನೆ. ಆ ನಾಲ್ಕು ಮಾತಿಗೆ ತೂಕ ಬರೋದು ಅದುವರೆಗೆ ನೀವು ಕೇಳಿಸಿಕೊಂಡಿದ್ದರಿಂದ.

ನಾನೂ ಕಾಲೇಜು ದಿನಗಳಲ್ಲಿ ಇದೇ ಪಾತ್ರ ಮಾಡಿದ್ದೆ. ಸುಲ್ತಾನನ ಮಾತೆಲ್ಲ ಕೇಳಿ ಕೇಳಿ ನನಗೂ ಬಾಯಿಗೆ ಬಂದುಬಿಟ್ಟಿತ್ತು. ಮೂರನೇ ಸಾಲಿನಲ್ಲಿ ಕೂತಿದ್ದ ಗೆಳತಿ ಆಮೇಲೆ ಹೇಳಿದಳು: ‘ಅವನು ಮಾತಾಡುವಾಗ ನಿನ್ನ ತುಟಿ ಅಲ್ಲಾಡ್ತಿತ್ತು ಕಣೋ.’ ನಾನು ಕೇಳಿಸಿಕೊಳ್ತಾ ಇರಲಿಲ್ಲ, ನನ್ನ ಸರದಿ ಕಾಯ್ತಾ ಇದ್ದೆ. ಈಗಲೂ ಅದು ನೆನಪಾದರೆ ನೋವಾಗುತ್ತೆ. ಹಾಗಾಗಿ ಸುಲ್ತಾನನ ಮಾತುಗಳಲ್ಲಿ ಬರನಿಗೆ ಚುಚ್ಚುವ ಮಾತು ಯಾವುದು, ಖುಷಿ ಕೊಡುವ ಮಾತು ಯಾವುದು ಅಂತ ಸ್ಕ್ರಿಪ್ಟಿನಲ್ಲಿ ಪೆನ್ಸಿಲ್ ಗುರುತು ಹಾಕಿ. ಮುಖದಲ್ಲಿ ತೋರಿಸೋಕೆ ಹೋಗಬೇಡಿ. ಒಳಗೆ ತಟ್ಟಿದರೆ ಕುತ್ತಿಗೆ, ಉಸಿರು ತಾವೇ ಬದಲಾಗ್ತವೆ, ಹಿಂದಿನ ಸಾಲಿನವರಿಗೂ ಕಾಣುತ್ತೆ.

ಇನ್ನು ಕೈ. ಎಲ್ಲ ಹೊಸ ನಟರ ಕಷ್ಟ ಇದು. ನಿಲುವಂಗಿ ಹೊಲಿದು ಬರೋದು ಗ್ರ್ಯಾಂಡ್ ರಿಹರ್ಸಲ್ ಹೊತ್ತಿಗೆ, ಅಷ್ಟು ದಿನ ಪ್ಯಾಂಟಿನ ಜೇಬಿಗೆ ಕೈ ಹಾಕಿ ಅಭ್ಯಾಸ ಆಗಿರುತ್ತೆ, ಆಮೇಲೆ ಜೇಬೇ ಇರಲ್ಲ. ಅದಕ್ಕೆ ನಾಳೆಯಿಂದಲೇ ಮನೆಯಲ್ಲಿರುವ ಹಳೇ ಶಾಲೋ ಉದ್ದ ಜುಬ್ಬಾನೋ ಹಾಕ್ಕೊಂಡು ತಾಲೀಮಿಗೆ ಹೋಗಿ. ಪ್ರದರ್ಶನಕ್ಕೆ ಹಾಕುವ ಚಪ್ಪಲಿ ಈಗಲೇ ಕೇಳಿ ತಗೊಳ್ಳಿ. ನಡಿಗೆ ಹುಟ್ಟೋದು ಚಪ್ಪಲಿಯಿಂದ. ಗಡ್ಡ ಅಂಟಿಸುವುದಿದ್ದರೆ ಒಂದೆರಡು ಸಲ ಮೊದಲೇ ಅಂಟಿಸಿ ಮಾತಾಡಿ ನೋಡಿ, ದವಡೆ ಬಿಗಿದುಕೊಳ್ಳುತ್ತೆ.

ಪ್ರಶ್ನೆ: ತಾಲೀಮಿನಲ್ಲಿ ಸಲೀಸಾಗಿ ಬರುವ ಮಾತು ಸ್ಟೇಜ್ ಹತ್ತಿದ ಕೂಡಲೇ ಮರೆತುಹೋಗುತ್ತದೆ. ಪರಿಹಾರ ಇದೆಯಾ?
– ಇನ್ನೊಬ್ಬ ಓದುಗಿ, ಶಿರಸಿ

ಉತ್ತರ: ಇದೆ. ನೀವು ಬಹುಶಃ ನಿಮ್ಮ ಮಾತನ್ನಷ್ಟೇ ಕಲಿತಿದ್ದೀರಿ. ಎದುರಿನವರ ಕೊನೆಯ ಮಾತು, ಅಂದರೆ ಕ್ಯೂ, ಅದರ ಜೊತೆಗೇ ಕಲಿಯಿರಿ. ಮನೆಯವರು ಯಾರಾದರೂ ಕ್ಯೂ ಓದಲಿ, ನೀವು ಪಾತ್ರೆ ತೊಳೀತಾ, ಬಟ್ಟೆ ಮಡಚುತ್ತಾ ಉತ್ತರ ಕೊಡಿ. ಕೈ ಬೇರೆ ಕೆಲಸದಲ್ಲಿದ್ದಾಗಲೂ ಮಾತು ಬಂದರೆ ಮಾತ್ರ ಅದು ಕೂತಿದೆ ಅಂತ ಲೆಕ್ಕ. ಪ್ರದರ್ಶನದ ದಿನ ತಂಡದವರೆಲ್ಲ ವಿಂಗ್ ಹಿಂದೆ ಕೂತು ಒಂದು ಸಲ ಪೂರ್ತಿ ನಾಟಕವನ್ನು ಭಾವ ಬಿಟ್ಟು ಸರಸರ ಹೇಳಿ ಮುಗಿಸಿ. ಆದರೂ ಮರೆತರೆ, ಪಕ್ಕದಿಂದ ಮಾತು ಹೇಳಿಕೊಡುವ ಪ್ರಾಂಪ್ಟರ್ ಕಡೆ ನೋಡಬೇಡಿ, ಎದುರಿಗಿರುವ ನಟನ ಕಣ್ಣು ನೋಡಿ. ಅವರು ಈಗಷ್ಟೇ ಏನು ಕೇಳಿದರು ಅಂತ ನೆನಪು ಮಾಡಿಕೊಳ್ಳಿ, ಹೆಚ್ಚಿನ ಸಲ ಮಾತು ಅಲ್ಲಿಂದಲೇ ಸಿಗುತ್ತೆ.