ರಂಗದ ಮಾತು: ಓದುಗರ ಪ್ರಶ್ನೆ, ನಮ್ಮ ಉತ್ತರ

ಶಾಲಾ ವಾರ್ಷಿಕೋತ್ಸವಕ್ಕೆ ಅರ್ಧ ಗಂಟೆಯ ನಾಟಕ ಬರೆದಿದ್ದೇನೆ. ಹನ್ನೊಂದು ದೃಶ್ಯಗಳಾಗಿವೆ. ಇವನ್ನು ಅಂಕ ಎನ್ನಬೇಕೋ, ದೃಶ್ಯ ಎನ್ನಬೇಕೋ?
– ಶಿಕ್ಷಕಿ, ತಿಪಟೂರು

ದೃಶ್ಯ ಎನ್ನಿ. ಸ್ಥಳವೋ ಕಾಲವೋ ಬದಲಾದರೆ ದೃಶ್ಯ ಬದಲಾಯಿತು. ಅಂಕ ಅದಕ್ಕಿಂತ ದೊಡ್ಡದು, ಕಥೆಯ ಒಂದು ಘಟ್ಟ ಮುಗಿದಲ್ಲಿ ಅದರ ಪರದೆ ಬೀಳುತ್ತದೆ. ಕಾಳಿದಾಸನ ಶಾಕುಂತಲಕ್ಕೆ ಏಳು ಅಂಕ. ನಾಲ್ಕನೆಯದರಲ್ಲಿ ಶಕುಂತಲೆ ಆಶ್ರಮ ಬಿಟ್ಟು ಹೊರಡುತ್ತಾಳೆ, ಐದನೆಯದರಲ್ಲಿ ದುಷ್ಯಂತನ ಎದುರು ನಿಂತಿರುತ್ತಾಳೆ. ನಡುವಿನ ದಾರಿಯನ್ನು ಕವಿ ತೋರಿಸುವ ಗೋಜಿಗೇ ಹೋಗಿಲ್ಲ. ಎಲ್ಲ ನಾಟಕಕ್ಕೂ ಅಂಕ ಬೇಕೆಂದೇನೂ ಇಲ್ಲ. ಕಾರ್ನಾಡರ ‘ತುಘಲಕ್’ (1964) ಇರುವುದು 13 ದೃಶ್ಯಗಳಲ್ಲಿ.

ನಿಮ್ಮ ತೊಂದರೆ ಹೆಸರಿನದ್ದಲ್ಲ, ಲೆಕ್ಕದ್ದು. ಹನ್ನೊಂದು ದೃಶ್ಯವೆಂದರೆ ಹತ್ತು ಸಲ ದೀಪ ಆರಿಸಬೇಕು. ಒಂದೊಂದಕ್ಕೆ ಒಂದು ನಿಮಿಷ ಹಿಡಿದರೂ ನಾಟಕದ ಮೂರನೇ ಒಂದು ಪಾಲು ಕತ್ತಲಲ್ಲೇ ಕಳೆಯಿತು, ಮಕ್ಕಳ ಗಲಾಟೆ ಬೇರೆ. ಒಂದೇ ಸ್ಥಳದವನ್ನು ಕೂಡಿಸಿ ಮೂರು–ನಾಲ್ಕಕ್ಕೆ ಇಳಿಸಿ. ಬಿಟ್ಟುಹೋದ ಘಟನೆಯನ್ನು ಇಬ್ಬರು ಚಿಕ್ಕ ಪಾತ್ರಗಳ ಬಾಯಲ್ಲಿ ನಾಲ್ಕು ಮಾತಿನಲ್ಲಿ ಹೇಳಿಸಿ. ಸಂಸ್ಕೃತ ನಾಟಕಗಳಲ್ಲಿ ಅಂಕದ ಮುಂಚೆ ಬರುವ ಚಿಕ್ಕ ಪ್ರಸಂಗಗಳಾದ ವಿಷ್ಕಂಭ, ಪ್ರವೇಶಕಗಳು ಮಾಡುವ ಕೆಲಸವೂ ಇದೇ. ಶಾಕುಂತಲದಲ್ಲಿ ಉಂಗುರ ಸಿಕ್ಕ ಬೆಸ್ತನನ್ನು ಕಾವಲಿನವರು ಹಿಡಿದು ತರುವ ಪ್ರಸಂಗ ಅಂಥ ಪ್ರವೇಶಕ.

ನಮ್ಮ ಹವ್ಯಾಸಿ ತಂಡ ಶಾಕುಂತಲ ಆಡುತ್ತಿದೆ. ಮಾತಿನ ನಡುವೆ ಆತ್ಮಗತ, ಪ್ರಕಾಶ, ಜನಾಂತಿಕ, ಅಪವಾರ್ಯ ಎಂದೆಲ್ಲ ಸೂಚನೆಗಳಿವೆ. ಎಲ್ಲವನ್ನೂ ಪ್ರೇಕ್ಷಕರ ಕಡೆ ತಿರುಗಿ ಹೇಳಿದರೆ ಸಾಲದೇ?
– ಓದುಗರು, ಹೊಸಪೇಟೆ

ಸಾಲದು. ಮಾತು ಯಾರ ಕಿವಿಗೆ ಬೀಳಬೇಕು, ಯಾರಿಗೆ ಬೀಳಬಾರದು ಎಂಬುದು ಆ ಸೂಚನೆಗಳಲ್ಲಿದೆ. ಆತ್ಮಗತ ಅಥವಾ ಸ್ವಗತವನ್ನು ರಂಗದ ಮೇಲಿನ ಯಾರೂ ಕೇಳುವುದಿಲ್ಲ. ಪ್ರಕಾಶ ಎಂದರೆ ಮತ್ತೆ ಎಲ್ಲರಿಗೂ ಕೇಳುವಂತೆ. ಜನಾಂತಿಕದಲ್ಲಿ ಇಬ್ಬರು ತಮ್ಮತಮ್ಮಲ್ಲೇ ಮಾತಾಡುತ್ತಾರೆ, ಪಕ್ಕದಲ್ಲಿರುವವನಿಗೆ ಅದು ಕೇಳಿಸದು. ಮೊದಲ ಅಂಕದಲ್ಲಿ ದುಷ್ಯಂತ ಎದುರಿಗಿರುವಾಗಲೇ ಪ್ರಿಯಂವದೆ ‘ಇವನು ಯಾರಿರಬಹುದು’ ಎಂದು ಅನಸೂಯೆಯನ್ನು ಕೇಳುವುದು ಹೀಗೆ. ಇದಕ್ಕೆ ತ್ರಿಪತಾಕ ಹಸ್ತ: ಪತಾಕ (ಬೆರಳುಗಳನ್ನು ಕೂಡಿಸಿ ಚಾಚಿ, ಹೆಬ್ಬೆರಳು ಮಡಿಚಿದ ಕೈ) ಹಿಡಿದು ಉಂಗುರದ ಬೆರಳನ್ನು ಮಡಿಚಿ, ಕೇಳಬಾರದವನ ಕಡೆ ಕೈಯನ್ನು ಅಡ್ಡ ಹಿಡಿಯುವುದು. ಅಪವಾರ್ಯದಲ್ಲಿ ಪೂರ್ತಿ ಹೊರಳಿ ಒಬ್ಬರಿಗೇ ಗುಟ್ಟು ಹೇಳುವುದು.

ಕೆಡುವುದು ಸಾಮಾನ್ಯವಾಗಿ ಸ್ವಗತ. ಮನಸ್ಸಿನ ಮಾತಲ್ಲವೇ ಎಂದು ನಟ ಸ್ವರವನ್ನೇ ಇಳಿಸಿಬಿಡುತ್ತಾನೆ, ಕೊನೆಯ ಸಾಲಿಗೆ ಏನೂ ಮುಟ್ಟುವುದಿಲ್ಲ. ಇಳಿಸಬೇಕಾದ್ದು ವೇಗ, ದನಿ ಹಾಲಿನ ತುದಿಗೆ ಹೋಗಲೇಬೇಕು. ನೋಟ ಕೊನೆಯ ಸಾಲಿನ ತಲೆಗಳಿಗಿಂತ ತುಸು ಮೇಲಿರಲಿ. ಆಮೇಲೆ ಉಳಿದ ಪಾತ್ರಗಳನ್ನು ಗಮನಿಸಿ. ದುಷ್ಯಂತ ಸ್ವಗತ ಹೇಳುವಾಗ ಸಖಿಯರು ಅವನ ಬಾಯನ್ನೇ ನೋಡುತ್ತ ನಿಂತರೆ ಗುಟ್ಟು ರಟ್ಟಾದಂತೆ! ಗಿಡಕ್ಕೆ ನೀರು, ಕೊಡ, ಬಳ್ಳಿ – ಅವರ ಕೈಗೆ ಕೆಲಸವನ್ನು ನಾಟಕವೇ ಕೊಟ್ಟಿದೆ. ಸ್ವಗತದಿಂದ ಪ್ರಕಾಶಕ್ಕೆ ಬರುವಾಗ ಮೊದಲು ಮೈ ತಿರುಗಲಿ, ಅರೆ ಉಸಿರಿನಷ್ಟು ತಡೆದು ಮಾತು ಬರಲಿ. ಎರಡೂ ಒಟ್ಟಿಗೆ ಆದರೆ ಯಾವ ಮಾತು ಯಾರಿಗೆ ಎಂಬುದು ಪ್ರೇಕ್ಷಕರಿಗೆ ತಿಳಿಯುವುದಿಲ್ಲ.

ಅಂದಹಾಗೆ, ರಂಗದಲ್ಲಿ ಒಬ್ಬನೇ ಇದ್ದು ಉದ್ದಕ್ಕೆ ಮಾತಾಡುವುದನ್ನೂ ನಾವು ಸ್ವಗತವೆಂದೇ ಕರೆಯುತ್ತೇವೆ. ಹ್ಯಾಮ್ಲೆಟ್‌ನ ಇಂಥ ಮಾತುಗಳನ್ನು ಆಡುವಾಗ ಅಡ್ಡ ಕೈಯೂ ಬೇಡ, ಮರೆಯೂ ಬೇಡ.

ನಾಯಕ ಸತ್ತರೆ ಅದು ದುರಂತ ನಾಟಕವೇ?
– ಪಿಯುಸಿ ವಿದ್ಯಾರ್ಥಿ, ಶಿವಮೊಗ್ಗ

ಸಾವೊಂದರಿಂದಲೇ ಆಗುವುದಿಲ್ಲ, ಸಾವು ಇರಲೇಬೇಕೆಂದೂ ಇಲ್ಲ. ಗ್ರೀಕ್ ನಾಟಕಕಾರ ಸೊಫೊಕ್ಲಿಸನ ‘ದೊರೆ ಈಡಿಪಸ್’ ಮುಗಿಯುವಾಗ ಈಡಿಪಸ್ ಕಣ್ಣು ಕಿತ್ತುಕೊಂಡಿದ್ದಾನೆ, ಆದರೆ ಬದುಕಿದ್ದಾನೆ. ದೊಡ್ಡ ಸ್ಥಿತಿಯಲ್ಲಿದ್ದವನು ಕೆಟ್ಟತನದಿಂದಲ್ಲ, ತನ್ನದೇ ಒಂದು ತಪ್ಪಿನಿಂದ ಬೀಳಬೇಕು ಎಂಬುದು ಅರಿಸ್ಟಾಟಲನ ಮಾತಿನ ತಿರುಳು. ಕನ್ನಡದಲ್ಲಿ ನೋಡಬೇಕೆಂದರೆ, ಸೊಫೊಕ್ಲಿಸನ ‘ಅಯಾಸ್’ ನಾಟಕದ ಜಾಡಿನಲ್ಲಿ ಬಿ.ಎಂ.ಶ್ರೀ ಬರೆದ ‘ಅಶ್ವತ್ಥಾಮನ್’ (1929) ಓದಿ.

ನಿರ್ದೇಶಕರು ‘ಬಲಕ್ಕೆ’ ಎಂದರೆ ಅರ್ಧ ಜನ ಎಡಕ್ಕೆ ಹೋಗುತ್ತಾರೆ. ಏನು ಮಾಡುವುದು?
– ಓದುಗರು, ಧಾರವಾಡ

ಪ್ರೇಕ್ಷಕರಿಗೆ ಮುಖ ಮಾಡಿ ನಿಂತ ನಟನ ಬಲಗೈಯೇ ರಂಗದ ಬಲ. ನಿರ್ದೇಶಕರು ಕೆಳಗೆ ಕೂತಿದ್ದರೂ ಹಾಗೆಯೇ ಹೇಳಬೇಕು. ಪ್ರೇಕ್ಷಕರ ಹತ್ತಿರದ್ದು ಡೌನ್, ಹಿಂಪರದೆಯ ಕಡೆಯದು ಅಪ್. ಹಿಂದೆ ಯುರೋಪಿನ ರಂಗಗಳು ಮುಂದಕ್ಕೆ ಇಳಿಜಾರಾಗಿದ್ದುದರಿಂದ ಬಂದ ಹೆಸರುಗಳು. ರಂಗವನ್ನು ಅಡ್ಡ ಮೂರು, ಉದ್ದ ಮೂರು ಎಂದು ಒಂಬತ್ತು ಚೌಕ ಮಾಡಿ, ಮೊದಲ ತಾಲೀಮುಗಳಲ್ಲಿ ಸುಣ್ಣದಕಡ್ಡಿಯಲ್ಲಿ ಗೆರೆ ಎಳೆಯಿರಿ. ಇಬ್ಬರ ಸಂಭಾಷಣೆಯಲ್ಲಿ ಒಬ್ಬ ಅಪ್‌ಗೆ ಸರಿದರೆ ಇನ್ನೊಬ್ಬ ಅವನನ್ನು ನೋಡಲು ಪ್ರೇಕ್ಷಕರಿಗೆ ಬೆನ್ನು ಹಾಕಬೇಕಾಗುತ್ತದೆ. ಇಬ್ಬರನ್ನೂ ಒಂದೇ ಗೆರೆಗೆ ತನ್ನಿ. ಚಲನೆಗಳನ್ನು ಪ್ರತಿಯ ಅಂಚಿನಲ್ಲಿ ಪೆನ್ಸಿಲಿನಲ್ಲೇ ಬರೆಯಿಸಿ, ಹೇಗೂ ಬದಲಾಗುತ್ತವೆ.